ಬೆಳಕು ಬಿಡಬೇಡಿ

ಕತ್ತಲು ಕವಿಯುವ ಹೊತ್ತಿಗೆ ಕಡಲಾಮೆಯೊಂದು ದಂಡೆಗೆ ಹತ್ತಿ ಬಂದು ಮರಳು ತೋಡುತ್ತಿತ್ತು. ಕಾವಲಿನವನು ನೋಡಲು ಬಂದವರನ್ನೆಲ್ಲ ದೂರದಲ್ಲೇ ಕೂರಿಸಿದ. ತನ್ನ ಕೈಯ ಬ್ಯಾಟರಿಯನ್ನೂ ಅವನು ಹೊತ್ತಿಸಿರಲಿಲ್ಲ.

ಯಾರೋ ಮೊಬೈಲು ಎತ್ತಿದರು.

"ಬೆಳಕು ಬಿಡಬೇಡಿ ಮಾರಾಯ್ರೆ!" ಅವನು ಗದರಿದ. "ಮುಖಕ್ಕೆ ಬೆಳಕು ಬಿದ್ರೆ ಮೊಟ್ಟೆ ಇಡದೆ ತಿರುಗಿ ಹೋಗ್ತದೆ."

"ಇಷ್ಟುದ್ದ ದಂಡೆ ಉಂಟಲ್ಲ, ಇಲ್ಲಿಗೇ ಯಾಕೆ ಬಂತು?" ಒಬ್ಬ ಹೆಂಗಸು ಪಿಸುಗುಟ್ಟಿದಳು.

"ಹುಟ್ಟಿದ್ದು ಇಲ್ಲೇ ಅಲ್ವಾ? ಎಲ್ಲೆಲ್ಲಿ ತಿರುಗಿದ್ರೂ ಹೆರಿಗೆಗೆ ತವರಿಗೇ ಬರೋದು. ಬಂದವಳನ್ನ ಹೆದರಿಸಿ ಓಡಿಸಿದ್ರೆ ಆ ಪಾಪ ಎಲ್ಲಿ ತೊಳ್ಕೊಳ್ಳೋದು?"

ಆಮೆ ಗುಂಡಿ ಮುಚ್ಚಿ ನಿಧಾನಕ್ಕೆ ಕಡಲಿಗೆ ಇಳಿಯಿತು. ಜನ ಚದುರಿದರು. ಗಾಳಿಮರದ ಬುಡದಲ್ಲಿ ಒಬ್ಬಳು ಮಾತ್ರ ಉಳಿದಳು. ಕಾಲ ಬಳಿ ಒಂದು ಬ್ಯಾಗು.

"ಅಪ್ಪಾ, ನಾನು. ದಿನ ತುಂಬ್ತಾ ಬಂತು. ಮತ್ತೆಲ್ಲಿಗೆ ಹೋಗ್ಲಿ?"

ಹೇಳದೆ ಕೇಳದೆ ಬೇರೆ ಜಾತಿಯವನನ್ನು ಮದುವೆಯಾಗಿ ಹೋಗಿದ್ದ ಮಗಳು. ದನಿಯ ಗುರುತು ಸಿಗಲಿಲ್ಲ ಎಂದೇನಲ್ಲ.

"ಯಾರದು?" ಎನ್ನುತ್ತ ಅವನು ಬ್ಯಾಟರಿ ಹೊತ್ತಿಸಿ, ಬೆಳಕನ್ನು ನೇರ ಅವಳ ಮುಖಕ್ಕೆ ಬಿಟ್ಟ.