ಹೆಚ್ಚಿಗೆ ಉಳಿದ ಪಿನ್ನು

"ಮೇಸ್ತ್ರಣ್ಣಾ, ಪೆಟ್ಟಿಗೇಲಿ ಒಂದು ಪಿನ್ನು ಉಳಿದಿದೆ!" ಎಂದು ಫಿಟ್ಟರ್ ಕೂಗಿದ್ದೇ ತಡ, ಸೇತುವೆಯ ತಡೆಗಂಬ ಎತ್ತಲು ಹೋದ ಆಳಿನ ಕೈ ಅಲ್ಲೇ ನಿಂತಿತು.

ಪ್ರವಾಹಕ್ಕೆ ಹೆದ್ದಾರಿಯ ಸೇತುವೆ ಕೊಚ್ಚಿಹೋಗಿ ಹತ್ತು ದಿನ. ಅದೇ ಜಾಗದಲ್ಲಿ ಉಕ್ಕಿನ ಚೌಕಟ್ಟುಗಳನ್ನು ಪಿನ್ನು ಹೊಡೆದು ಒಂದಕ್ಕೊಂದು ಜೋಡಿಸಿ, ಒಂಬತ್ತೇ ದಿನದಲ್ಲಿ ಹೊಸದನ್ನು ನಿಲ್ಲಿಸಿದ್ದರು. ಪಿನ್ನೆಂದರೆ ಕಾಗದಕ್ಕೆ ಚುಚ್ಚುವುದಲ್ಲ. ಗೇಣುದ್ದದ, ಮಗುವಿನ ಮುಂಗೈ ದಪ್ಪದ ಉಕ್ಕು. ಎಣಿಸಿ ಮುನ್ನೂರ ಹನ್ನೆರಡು ಬಂದಿದ್ದವು. ಒಂದು ಉಳಿಯಿತೆಂದರೆ ಎಲ್ಲೋ ಒಂದು ತೂತು ಖಾಲಿ.

ಆದರೆ ಆ ಪಿನ್ನನ್ನು ಪೆಟ್ಟಿಗೆಗೆ ಹಾಕಿದವನು ಮೇಸ್ತ್ರಿಯೇ. ಯಾವುದೋ ಹಳೆಯ ಸೇತುವೆಯದು, ಅವನ ಚೀಲದಲ್ಲೇ ಇರುತ್ತಿತ್ತು. "ಎಲ್ಲಾ ನೋಡಿದ್ರೇನ್ರೋ?" ಎಂದರೆ ನಿದ್ದೆಗೆಟ್ಟ ಆಳುಗಳು ನಿಂತಲ್ಲಿಂದಲೇ "ನೋಡಿದ್ವಿ" ಅನ್ನುತ್ತಾರೆ. ಒಂದು ಉಳಿದರೆ ಮಾತ್ರ ಪ್ರತಿಯೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಸೇತುವೆಗೊಂದು ಹೊಸ ತಂಡ. ಹಾಗಾಗಿ ಹದಿನೇಳು ಸೇತುವೆಗೂ ಗುಟ್ಟು ಗುಟ್ಟಾಗಿಯೇ ಇತ್ತು. ಹೆಂಡತಿಗೂ ಹೇಳಿರಲಿಲ್ಲ.

ಇಂಜಿನಿಯರ್ ಏದುಸಿರು ಬಿಡುತ್ತಾ ಓಡಿಬಂದ. "ಮೇಸ್ತ್ರೀ, ಆಚೆ ದಡದಲ್ಲಿ ಆಂಬುಲೆನ್ಸ್ ಬಂದು ನಿಂತಿದೆ. ಅದರಲ್ಲಿ ನಮ್ಮಕ್ಕ ಇದ್ದಾಳೆ. ಎರಡು ಸಲದ ಡಯಾಲಿಸಿಸ್ ತಪ್ಪಿದೆ, ಆಕ್ಸಿಜನ್ ಹಾಕಿದ್ದಾರೆ. ಎಷ್ಟು ಹೊತ್ತಾಗುತ್ತೆ?"

"ಒಂದು ಗಂಟೆ ಸಾರ್."

"ನಿನ್ನೆ ಜಲ್ಲಿ ತುಂಬಿದ ಲಾರೀನೇ ನಿಲ್ಲಿಸಿ ನೋಡಿದ್ವಲ್ಲ!"

"ನಿಂತಿತ್ತು ಸಾರ್. ಓಡಾಡಿರ್ಲಿಲ್ಲ."

ಮೇಸ್ತ್ರಿಗೆ ಮಾತು ಗಂಟಲವರೆಗೆ ಬಂದಿತ್ತು. 'ಅದು ನಂದೇ ಪಿನ್ನು, ಗಾಡಿ ಬಿಡಿ' ಎಂದರೆ ಮುಗಿಯಿತು. ಆದರೆ ಆ ಗಾಡಿ ಬರುವುದು ಯಾರೂ ಎರಡನೇ ಸಲ ಮುಟ್ಟಿ ನೋಡದ ಸೇತುವೆಯ ಮೇಲೆ. ಆಳುಗಳ ಕಡೆ ತಿರುಗಿದ. "ತಟ್ರೋ!" ಎಂದ.

ಇಂಜಿನಿಯರೂ ಯಾರದೋ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಮಂಡಿಯೂರಿದ. ಠಣ್, ಠಣ್, ಠಣ್. ದಡದ ಲಾರಿಯವರು ಹಾರ್ನ್ ಒತ್ತಿ, "ಏನ್ರಯ್ಯಾ, ಸೇತುವೆಗೆ ಜೋಗುಳ ಹಾಡ್ತಿದ್ದೀರಾ?" ಎಂದು ರೇಗಿಸಿದರು. ಐವತ್ತು ನಿಮಿಷ ಹಿಡಿಯಿತು. ಮುನ್ನೂರ ಹನ್ನೆರಡೂ ಗಟ್ಟಿಯಾಗಿದ್ದವು. ಒಂದು ತೂತೂ ಖಾಲಿ ಇರಲಿಲ್ಲ.

"ಉಗ್ರಾಣದವನು ಒಂದು ಹೆಚ್ಚಿಗೆ ಹಾಕಿ ಕಳಿಸಿದ್ದಾನೆ, ಅವನ ಮನೆ ಹಾಳಾಗ!" ಎಂದು ಇಂಜಿನಿಯರ್ ಸುತ್ತಿಗೆ ಎಸೆದ.

ಮೊದಲ ಗಾಡಿ ನಡಿಗೆಯ ವೇಗದಲ್ಲಿ ದಾಟಬೇಕು, ಮೇಸ್ತ್ರಿ ಅದರ ಪಕ್ಕದಲ್ಲೇ ನಡೆಯಬೇಕು. ಅದು ಈ ಕೆಲಸದ ಪದ್ಧತಿ. ಆಂಬುಲೆನ್ಸಿನ ಕಿಟಕಿ ತೆರೆದಿತ್ತು. ಒಳಗೆ ದಿಂಬಿಗೆ ಒರಗಿದ್ದ ಹೆಂಗಸಿನ ಮುಖ ಊದಿಕೊಂಡಿತ್ತು.

"ಯಾಕಣ್ಣಾ, ಇಷ್ಟು ಹೊತ್ತು?"

ಅವನಿಗೆ ಏನನ್ನಿಸಿತೋ, ಸೇತುವೆಯ ಅರ್ಧ ದಾಟುವಷ್ಟರಲ್ಲಿ ಎಲ್ಲವನ್ನೂ ಹೇಳಿಬಿಟ್ಟ. "ಒಂದೂ ಸಡಿಲ ಸಿಗ್ಲಿಲ್ಲ ತಾಯೀ. ನಿಮ್ಮ ಒಂದು ಗಂಟೆ ಸುಮ್ನೆ ತಿಂದ್ಬಿಟ್ಟೆ. ನಿಮ್ಮ ತಮ್ಮನ ಹತ್ರಾನೂ ಒಪ್ಕೊಂಡ್ಬಿಡ್ತೀನಿ."

ಆಕೆ ಮೂಗಿನ ಮೇಲಿನ ಮಾಸ್ಕ್ ಸರಿಸಿ, ಎರಡು ಸಲ ಉಸಿರೆಳೆದುಕೊಂಡಳು. ಎದುರು ತುದಿಯಲ್ಲಿ ಗ್ರೀಸು ಮೆತ್ತಿದ ಕೈ ಬೀಸುತ್ತಾ 'ಬೇಗ, ಬೇಗ' ಅನ್ನುತ್ತಿದ್ದ ತಮ್ಮನನ್ನು ನೋಡಿದಳು.

"ಅವನಿಗೆ ಹೇಳ್ಬೇಡ," ಎಂದಳು. "ಮುಂದಿನ ಸೇತುವೆ ಹತ್ರ ಇನ್ಯಾರದೋ ಅಕ್ಕ ಇರ್ತಾಳೆ."