ಸೋಮವಾರದ ಇಂಜೆಕ್ಷನ್

"ಸಿಸ್ಟ್ರೇ, ಚುಚ್ಚಿವ್ನಿ ಕಣವ್ವ! ನೀವು ವೀಡಿಯೋದಲ್ಲಿ ಏಳ್ದಂಗೆಯ, ಒಂಚೂರೂ ತಪ್ಪಿಲ್ಲ. ಒತ್ತಾರೆಯೇ ಏಳಾನ ಅಂದ್ರೆ ನಿಮ್ ಫೋನೇ ಸಿಕ್ನಿಲ್ಲ."

ಕೊಳ್ಳೇಗಾಲದಿಂದ ಹನೂರಿಗೆ ಹೊರಟಿದ್ದ ಹನ್ನೊಂದು ಗಂಟೆಯ ಬಸ್ಸಿನಲ್ಲಿ ನರ್ಸ್ ಸ್ಪಂದನಳ ಮುಖ ಅರಳಿತು. ರಾಮಾಪುರದ ಚಿಕ್ಕಬಸಮ್ಮನ ಕರೆ. ಇನ್ಸುಲಿನ್ ಚುಚ್ಚುವುದು ಹೇಗೆಂದು ಸ್ಪಂದನ ತಾನೇ ವೀಡಿಯೋ ಮಾಡಿ, ಸಕ್ಕರೆ ಕಾಯಿಲೆಯವರ ಮನೆಯವರಿದ್ದ ವಾಟ್ಸಾಪ್ ಗುಂಪಿಗೆ ನಿನ್ನೆಯಷ್ಟೇ ಹಾಕಿದ್ದಳು. ಐವತ್ತು ದಾಟಿದ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅದನ್ನು ನೋಡಿ ನೋಡಿ ಕಲಿತು, ಗಂಡ ಮಾದಣ್ಣನಿಗೆ ಮೊದಲ ಸಲ ತಾನೇ ಚುಚ್ಚಿದ್ದಾಳೆಂದರೆ ಸುಮ್ಮನೆ ಮಾತಲ್ಲ.

"ಭೇಷ್ ಕಣಮ್ಮ! ತಿಂಡಿ ತಿಂದ್ರಾ ಅವರು?"

"ತಿಂಡಿಯಾ? ಇವತ್ತು ಸ್ವಾಮಾರ ಅಲ್ವಾ? ಮಾದಪ್ಪನ್ ಒಪ್ಪೊತ್ತು. ದೀಪ ಅಚ್ಚಿದ್ ಮ್ಯಾಲೇ ಊಟ. ಊಟಕ್ ಮುಂಚೆ ಚುಚ್ಚಿ ಅಂದಿದ್ರಲ್ಲ, ಮುಂಚೇನೇ ಚುಚ್ಚಿವ್ನಿ."

ಸ್ಪಂದನ ಸೀಟಿನಿಂದ ಎದ್ದೇಬಿಟ್ಟಳು. ಖಾಲಿ ಹೊಟ್ಟೆಗೆ ಇನ್ಸುಲಿನ್! ಅಯ್ಯೋ ದೇವರೇ, ಸೂಜಿ ಹಿಡಿಯುವುದು ಹೇಳಿದ್ದಳು, ಹೊಟ್ಟೆ ಚಿವುಟಿ ಹಿಡಿಯುವುದು ಹೇಳಿದ್ದಳು. ಈ ಸೀಮೆಯಲ್ಲಿ ಸೋಮವಾರ ಮಾದಪ್ಪ ದೇವರಿಗೆಂದು ಎಷ್ಟು ಜನ ಒಪ್ಪೊತ್ತು ಉಪವಾಸ ಇರುತ್ತಾರೆಂದು ಇಲ್ಲೇ ಹುಟ್ಟಿ ಬೆಳೆದ ತನಗೆ ಗೊತ್ತಿರಲಿಲ್ಲವೇ? ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರೆ ಯಾರಾದರೂ ಒಬ್ಬಳು 'ಸ್ವಾಮಾರ ಎಂಗವ್ವ?' ಎಂದು ಕೇಳಿಯೇ ಕೇಳುತ್ತಿದ್ದಳು. ಕ್ಯಾಮೆರಾ ಏನು ಮಣ್ಣು ಕೇಳುತ್ತದೆ!

ಕರೆ ಕತ್ತರಿಸಿ ವೀಡಿಯೋ ಕಾಲ್ ಒತ್ತಿದಳು. ಮೊದಲು ಮನೆಯ ಹೆಂಚು ಕಾಣಿಸಿತು, ಆಮೇಲೆ ಚಿಕ್ಕಬಸಮ್ಮನ ಮೂಗು, ಕೊನೆಗೆ ಗೋಡೆಗೆ ಒರಗಿ ಕುಳಿತ ಮಾದಣ್ಣ. ಅವನ ಅಂಗಿಯೆಲ್ಲ ಬೆವರಲ್ಲಿ ತೊಯ್ದಿತ್ತು.

"ಬೇಗ ಬೆಲ್ಲನೋ ಸಕ್ಕರೆನೋ ಬಾಯಿಗೆ ಹಾಕಿ!"

"ಸಕ್ರೆ ಕಾಯ್ಲೆಯವ್ರಿಗೆ ಸಕ್ರೆಯಾ?"

"ನಿಮ್ಮ ಕಾಲಿಗೆ ಬೀಳ್ತೀನಿ, ಹಾಕಿ! ಸಕ್ಕರೆ ಪೂರಾ ಇಳಿದುಹೋಗಿದೆ. ಹಿಂಗೇ ಬಿಟ್ಟರೆ ನಿದ್ದೆ ಬಂದಂಗೆ ಎಚ್ಚರ ತಪ್ಪಿ ಜೀವಕ್ಕೇ ಕುತ್ತು."

ಮಾದಣ್ಣ ಮುಖ ತಿರುಗಿಸಿದ. "ಸತ್ರೂ ಮಾದಪ್ಪನ್ ವಾರ ಕೆಡುಸಕಿಲ್ಲ. ಅತ್ಲಾಗ್ ಓಗು."

ಅಷ್ಟರಲ್ಲಿ ಬಸ್ಸಿಗೆ ಬಸ್ಸೇ ಕಿವಿ ನಿಮಿರಿಸಿಕೊಂಡಿತ್ತು. ಕಂಡಕ್ಟರ್ ಸೀಟಿ ಊದಿ, "ನಿಲ್ಸಣ್ಣೋ! ಮುಂದಕ್ಕೋದ್ರೆ ನೆಟ್‌ವರ್ಕ್ ಸಿಗಕಿಲ್ಲ" ಎಂದು ಕೂಗಿದ. ಕಾಮಗೆರೆಯ ಹತ್ತಿರ, ಸ್ಟಾಪೂ ಅಲ್ಲದ ಕಡೆ ಬಸ್ಸು ನಿಂತಿತು. ಯಾರೂ ಯಾಕೆಂದು ಕೇಳಲಿಲ್ಲ.

ಚಿಕ್ಕಬಸಮ್ಮ ಫೋನನ್ನು ನೆಲದ ಮೇಲಿಟ್ಟು ಎದ್ದುಹೋದಳು. ತೆರೆಯ ತುಂಬ ಮತ್ತೆ ಹೆಂಚು. ಡಬ್ಬಿ ಉರುಳಿದ ಸದ್ದು, ಗಂಟೆಯ ಸದ್ದು, ಬಿರಬಿರನೆ ಹೆಜ್ಜೆಯ ಸದ್ದು.

"ತಕಳಿ. ಮಾದಪ್ಪನ್ ಮುಂದೆ ಇಟ್ಟು ಗಂಟೆ ಒಡ್ದು ತಂದಿವ್ನಿ. ಬೆಲ್ಲ ಅಲ್ಲ, ಪರ್ಸಾದ ಇದು. ಬ್ಯಾಡ ಅಂತೀರಾ? ಅನ್ನಿ, ನೋಡಾನ!"

ಆಮೇಲೆ ಕಟುಂ ಎಂದು ಬೆಲ್ಲ ಕಡಿದ ಸದ್ದು.

ಸ್ವಲ್ಪ ಹೊತ್ತಿಗೆ, ತನಗೆ ಮೋಸ ಮಾಡಿದಳೆಂದು ಮಾದಣ್ಣ ಹೆಂಡತಿಯನ್ನು ಬಯ್ಯತೊಡಗಿದ. ಬೈಗುಳ ಜೋರಾದಷ್ಟೂ ಸ್ಪಂದನಳಿಗೆ ಹೋದ ಜೀವ ಬಂದಂತಾಯಿತು. ಅಳು, ನಗು ಒಟ್ಟಿಗೇ ಬಂತು. "ಈಗಲೇ ಊಟ ಹಾಕಿ, ಅದೂ ಪ್ರಸಾದ ಅಂತಲೇ ಹೇಳಿ" ಎಂದು ಕರೆ ಮುಗಿಸಿದಳು. ಬಸ್ಸು ಹೊರಟಿತು.

ತೆರೆಯ ಮೇಲೆ ಗುಂಪಿನ ಮೆಸೇಜುಗಳು ಸಾಲಾಗಿ ಬಂದು ಕುಳಿತಿದ್ದವು. ಎಲ್ಲಕ್ಕಿಂತ ಮೇಲಿದ್ದ, ಹನೂರಿನ ಯಶೋದ ಬೆಳಿಗ್ಗೆಯೇ ಕಳಿಸಿದ್ದ ವಾಯ್ಸ್ ಮೆಸೇಜನ್ನು ಒತ್ತಿದಳು.

"ವೀಡಿಯೋ ಬಾಳ ಚೆನ್ನಾಗದೆ ಕಣಕ್ಕ. ನಮ್ಮತ್ತೆ ಚುಚ್ಚುಸ್ಕಂಡು ಆಯಾಗಿ ಮಲ್ಗವ್ರೆ. ಒಪ್ಪೊತ್ತಲ್ವಾ, ನಾವೂ ಎಬ್ಬುಸಕ್ಕೋಗ್ನಿಲ್ಲ."