ಖೇನ್ ನಿಲ್ಲಬಾರದು

ಬೆಳಗಿನಿಂದ ಮೂರನೆಯ ಸಲ ಖಮ್ಲಾನಿಗೆ ದಮ್ಮು ಕಟ್ಟಿತು. ಆದರೂ ಅವನು ತುಟಿಯಿಂದ ಖೇನ್ ತೆಗೆಯಲಿಲ್ಲ. ಆ ಬಿದಿರುಕೊಳವೆಗಳ ವಾದ್ಯ ಉಸಿರು ಬಿಟ್ಟರೂ ನುಡಿಯುತ್ತದೆ, ಎಳೆದುಕೊಂಡರೂ ನುಡಿಯುತ್ತದೆ. ನಿಲ್ಲಿಸಲು ಒಂದು ನೆಪವೂ ಸಿಗದು.

ನಿಲ್ಲಿಸುವಂತೆಯೂ ಇರಲಿಲ್ಲ. ಚಾಪೆಯ ಮೇಲೆ ಮಲಗಿದ್ದವಳು ಅವನ ಹೆಂಡತಿ ಪಿಮ್ಫಾ. ಹೊಟ್ಟೆ ಊದಿ, ಕಣ್ಣು ಹಳದಿಗಟ್ಟಿ, ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿ ತಿಂಗಳಾಗಿತ್ತು. ಇನ್ನು ಉಳಿದದ್ದು ಆಕಾಶದ ದೇವತೆಯೊಬ್ಬಳೇ. ಖೇನ್ ಕೇಳಿ ಅವಳು ಇಳಿದು ಬರಬೇಕು, ರೋಗಿ ಎದ್ದು ಕುಣಿಯಬೇಕು. ಅಷ್ಟರೊಳಗೆ ಖೇನ್ ನಿಂತರೆ ದೇವತೆ ಬಂದ ದಾರಿಯಲ್ಲೇ ಹೊರಟುಬಿಡುತ್ತಾಳೆ. ಮೆಕಾಂಗ್ ನದಿಯ ಈ ದಂಡೆಯ ಏಳೂರಿನಲ್ಲಿ ಖೇನ್ ಊದಬಲ್ಲವನು ಖಮ್ಲಾ ಒಬ್ಬನೇ ಉಳಿದಿದ್ದ.

"ಬಿಡಬೇಡ ಖಮ್ಲಾ! ಅವಳ ಬೆರಳು ಅಲ್ಲಾಡ್ತಿದೆ!" ದೇವತೆಯನ್ನು ಹಾಡಿ ಕರೆಯುತ್ತಿದ್ದ ಟೊಂಗ್ಸಿ ಅಜ್ಜಿ ಕುಣಿಯುತ್ತಲೇ ಕೂಗಿದಳು.

ಪಿಮ್ಫಾ ಕಣ್ಣು ಬಿಟ್ಟು ಗಂಡನನ್ನೇ ನೋಡಿದಳು. ಅವನ ಕತ್ತಿನ ನರಗಳು ಉಬ್ಬಿದ್ದವು, ತುಟಿ ನೀಲಿಗಟ್ಟಿತ್ತು.

"ಮುದುಕಪ್ಪನಿಗೆ ಒಂಚೂರು ನೀರು ಕೊಡ್ರೇ," ಎಂದಳು.

"ನೀನು ಏಳೋವರೆಗೂ ಅವನಿಗೆ ನೀರೂ ಇಲ್ಲ, ಅನ್ನವೂ ಇಲ್ಲ. ಎದ್ದೇಳು ತಾಯಿ!" ಎಂದಳು ಅಜ್ಜಿ.

ನಲವತ್ತು ವರ್ಷದ ಸಂಸಾರದಲ್ಲಿ ಪಿಮ್ಫಾ ಗಂಡನ ಖೇನ್‌ಗೆ ಒಮ್ಮೆಯೂ ಹೆಜ್ಜೆ ಹಾಕಿದವಳಲ್ಲ. "ನೀನು ಊದಿದ್ರೆ ನಮ್ಮೆಮ್ಮೆ ಕೂಡ ಕಿವಿ ಅಲ್ಲಾಡ್ಸಲ್ಲ," ಎಂದು ಹಂಗಿಸುತ್ತಲೇ ಅಂಟಕ್ಕಿ ಅನ್ನದ ಬುಟ್ಟಿ ಕಟ್ಟಿ ಕಳಿಸುತ್ತಿದ್ದಳು. ಈಗ ಕಂಬ ಹಿಡಿದು ಎದ್ದಳು. ಕೈ ಎತ್ತಿದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಸುತ್ತ ಸೇರಿದ್ದ ಹೆಂಗಸರು ಹೋ ಎಂದು ಕೇಕೆ ಹಾಕಿದರು. ಬಂದಳು, ದೇವತೆ ಬಂದೇಬಿಟ್ಟಳು ಎಂದು ಖಮ್ಲಾನ ಕಣ್ಣಲ್ಲಿ ನೀರಾಡಿತು; ಎದೆ ಬಿರಿಯುವಂತೆ ಊದಿದ.

ಕುಣಿಯುತ್ತ ಹತ್ತಿರ ಬಂದ ಪಿಮ್ಫಾ ಅವನ ಹೆಗಲಿಗೆ ಒರಗಿ ಕಿವಿಯಲ್ಲಿ ಹೇಳಿದಳು: "ಕುಣಿದೆನಲ್ಲ, ಸಾಕು ಮಾಡು. ಯಾವ ದೇವತೇನೂ ಬಂದಿಲ್ಲ, ಎದ್ದಿರೋಳು ನಾನೇ. ನೀನು ಮೊದಲು ಹೋದ್ರೆ ನನ್ನ ಚಿತೆ ಮುಂದೆ ಊದೋರು ಯಾರೋ?"

ಖಮ್ಲಾ ಖೇನ್ ಕೆಳಗಿಟ್ಟ.

"ಗುಣವಾಯ್ತು! ಗುಣವಾಯ್ತು!" ಎನ್ನುತ್ತ ಅಜ್ಜಿ ಪಿಮ್ಫಾಳ ಮಣಿಕಟ್ಟಿಗೆ ರಕ್ಷೆಯ ಬಿಳಿ ದಾರ ಕಟ್ಟಿದಳು. ಪಿಮ್ಫಾ ನಗುತ್ತ ಕೈಯೆತ್ತಿ ಎಲ್ಲರಿಗೂ ಮುಗಿದಾಗ ಆ ಬತ್ತಿದ ತೋಳಿನಲ್ಲಿ ದಾರ ಜಾರಿ ಮೊಣಕೈಗೆ ಬಂದು ನಿಂತಿತು.